ವೀರನ ಸೋಲು: ಅದ್ಭುತ ಮಹಾಕಥನಗಳಲ್ಲಿ ಅಧಿಕಾರದ ವಿಚಾರ

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ವಾಚನಾಲಯದಲ್ಲಿ ನಡೆದ ಒಂದು ಸಣ್ಣ ಮಾತುಕತೆಯಿಂದ ಈ ಲೇಖನ ಹುಟ್ಟಿತು. ಸದಸ್ಯೆಯೊಬ್ಬರು ಕಾಲೇಜು ಓದುವ ತಮ್ಮ ಮಗನ ಮೇಲೆ ದೂರು ಹೇಳುತ್ತಿದ್ದರು: “ಮನೆಯಲ್ಲಿ ಮಹಾಭಾರತ ಇದೆ, ಮುಟ್ಟುವುದಿಲ್ಲ. ಇಟ್ಟಿಗೆಯಂಥ ಇಂಗ್ಲಿಷ್ ಪುಸ್ತಕ ಹಿಡಿದು ರಾತ್ರಿಯೆಲ್ಲ ಕೂತಿರುತ್ತಾನೆ. ಅದರಲ್ಲಿ ಒಳ್ಳೆಯವರೆಲ್ಲ ಸಾಯುತ್ತಾರಂತೆ, ಕೆಟ್ಟವರೇ ಗೆಲ್ಲುತ್ತಾರಂತೆ. ಇದನ್ನು ಓದಿ ಏನು ಕಲಿತಾನು?” ಮಗ ಪಕ್ಕದಲ್ಲೇ ಇದ್ದ. ತಲೆಯೆತ್ತದೆ, “ಅಮ್ಮಾ, ಭಾರತದಲ್ಲಿ ಮಾತ್ರ ಯಾರು ಉಳಿದರು?” ಎಂದ.

ಅಲ್ಲಿದ್ದವರೆಲ್ಲ ನಕ್ಕೆವು. ಆದರೆ ತಾಯಿಯ ಪ್ರಶ್ನೆಯೂ ಮಗನ ಪ್ರಶ್ನೆಯೂ ನಮ್ಮ ಜೊತೆ ಮನೆಗೆ ಬಂದವು. ಮಕ್ಕಳು ಓದುವುದನ್ನು ಓದದೆಯೇ ಅದರ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲವೆಂದು ತೋರಿತು. ಆದ್ದರಿಂದ ಮಳೆಗಾಲವಿಡೀ ಆ ದಪ್ಪ ಪುಸ್ತಕಗಳನ್ನೇ ಓದಿದೆವು. ಓದಿದ ಮೇಲೆ ಅನ್ನಿಸಿದ್ದನ್ನು ಸಹೃದಯರ ಮುಂದೆ ಇಡುತ್ತಿದ್ದೇವೆ.

ಇಂಗ್ಲಿಷಿನಲ್ಲಿ ‘ಎಪಿಕ್ ಫ್ಯಾಂಟಸಿ’ ಎಂದು ಕರೆಯುವ ಈ ಪ್ರಕಾರವನ್ನು ನಾವು ಅದ್ಭುತ ಮಹಾಕಥನ ಎನ್ನೋಣ. ಲೇಖಕ ತನ್ನದೇ ಒಂದು ಲೋಕವನ್ನು ಕಟ್ಟುತ್ತಾನೆ. ಅದಕ್ಕೆ ನಕ್ಷೆ, ವಂಶಾವಳಿ, ಭಾಷೆ, ಹಾಡು ಎಲ್ಲವನ್ನೂ ಕೊಡುತ್ತಾನೆ. ಆ ಲೋಕದ ಅಳಿವು ಉಳಿವುಗಳ ಪ್ರಶ್ನೆ ಕೆಲವರ ಹೆಗಲ ಮೇಲೆ ಬೀಳುತ್ತದೆ. ಹೊರನೋಟಕ್ಕೆ ಇದು ನಮ್ಮ ಅಜ್ಜಿಕಥೆಯ ದೊಡ್ಡ ರೂಪ. ರಾಜಕುಮಾರ ಹೊರಡುತ್ತಾನೆ, ರಾಕ್ಷಸನನ್ನು ಕೊಲ್ಲುತ್ತಾನೆ, ಅರ್ಧ ರಾಜ್ಯ ಪಡೆಯುತ್ತಾನೆ. ಅಂದರೆ ಶೌರ್ಯಕ್ಕೆ ಬಹುಮಾನವೇ ಅಧಿಕಾರ. ಹತ್ತನೆಯ ಶತಮಾನದಲ್ಲಿ ‘ದಶರೂಪಕ’ ಬರೆದ ಧನಂಜಯ ನಾಯಕರಲ್ಲಿ ನಾಲ್ಕು ಬಗೆ ಹೇಳಿದ್ದಾನೆ. ಅವರಲ್ಲಿ ಗಂಭೀರನೂ ಸ್ಥಿರನೂ ಕ್ಷಮಾಶೀಲನೂ ಆದ ಧೀರೋದಾತ್ತನಿಗೆ ರಾಜ್ಯ ಸಲ್ಲುವುದು ಸಹಜವೆಂದು ನಮ್ಮ ಮನಸ್ಸು ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಈ ಪ್ರಕಾರದ ಶ್ರೇಷ್ಠ ಕೃತಿಗಳು ಪ್ರಶ್ನಿಸುವುದು ಈ ಒಪ್ಪಿಗೆಯನ್ನೇ. ಮೂವರು ಲೇಖಕರನ್ನು ಆರಿಸಿಕೊಂಡು ಇದನ್ನು ನೋಡಬಹುದು.

ಮೊದಲನೆಯವರು ಜೆ. ಆರ್. ಆರ್. ಟೋಲ್ಕಿನ್. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಇವರು 1916ರಲ್ಲಿ ಸೊಮ್ಮ್ ಯುದ್ಧರಂಗದಲ್ಲಿ ಇದ್ದವರು. ‘ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. ಇದನ್ನು ಬರೀ ಒಳಿತು-ಕೆಡುಕುಗಳ ಸರಳ ಕಾಳಗವೆಂದು ತಿಳಿಯುವವರೇ ಹೆಚ್ಚು. ಕಪ್ಪು ಕಡೆ ಕಪ್ಪೇ, ಬಿಳಿ ಕಡೆ ಬಿಳಿಯೇ ಎಂಬ ಆಕ್ಷೇಪಣೆ ಹಳೆಯದು. ಆದರೆ ಕಥೆಯ ನಡುಗಂಬ ಯಾವುದೆಂದು ನೋಡಬೇಕು. ಸಾಮಾನ್ಯವಾಗಿ ವೀರ ಯಾವುದೋ ನಿಧಿಯನ್ನು ಪಡೆಯಲು ಹೊರಡುತ್ತಾನೆ. ಇಲ್ಲಿ ಫ್ರೋಡೊ ಹೊರಡುವುದು ಕೈಯಲ್ಲಿರುವ ನಿಧಿಯನ್ನು ನಾಶಮಾಡಲು. ಎಲ್ಲರನ್ನೂ ಆಳಬಲ್ಲ ಉಂಗುರವನ್ನು ಅದು ಹುಟ್ಟಿದ ಬೆಂಕಿಗೇ ಎಸೆದು ಬರುವುದು ಅವನ ಕೆಲಸ. ಅಧಿಕಾರ ಇಲ್ಲಿ ಗಳಿಸುವ ವಸ್ತುವಲ್ಲ, ಕಳೆದುಕೊಳ್ಳಬೇಕಾದ ವಸ್ತು.

ಆ ಉಂಗುರ ಕೆಟ್ಟವರನ್ನು ಮಾತ್ರ ಹಾಳುಮಾಡುವುದಾಗಿದ್ದರೆ ಕಥೆ ಸಪ್ಪೆಯಾಗುತ್ತಿತ್ತು. ಫ್ರೋಡೊ ಅದನ್ನು ಜ್ಞಾನವೃದ್ಧ ಗ್ಯಾಂಡಾಲ್ಫನಿಗೆ ಕೊಡಲು ಹೋದಾಗ ಆತ ಬೆಚ್ಚಿ ಹಿಂದೆ ಸರಿಯುತ್ತಾನೆ. ತನ್ನ ಕರುಣೆಯ ಬಾಗಿಲಿನಿಂದಲೇ, ಒಳ್ಳೆಯದನ್ನು ಮಾಡುವ ಆಸೆಯ ದಾರಿಯಿಂದಲೇ ಅದು ಒಳಗೆ ಬರುತ್ತದೆಂದು ಅವನಿಗೆ ಗೊತ್ತು. ಬೊರೊಮಿರ್ ಕೆಡುವುದೂ ಹಾಗೆಯೇ. ಅವನು ದುಷ್ಟನಲ್ಲ, ತನ್ನ ನಾಡನ್ನು ಉಳಿಸಲು ಹಂಬಲಿಸುವವನು. ಆ ಹಂಬಲವೇ ಅವನನ್ನು ಗೆಳೆಯನ ಮೇಲೆ ಕೈಮಾಡುವಂತೆ ಮಾಡುತ್ತದೆ. ತೋಟದ ಮಾಲಿ ಸ್ಯಾಮನ ಕೈಗೆ ಸ್ವಲ್ಪ ಹೊತ್ತು ಉಂಗುರ ಬಂದಾಗ ಅದು ಅವನಿಗೆ ತೋರಿಸುವ ಆಮಿಷವೂ ತೋಟವೇ. ಮರುಭೂಮಿಯನ್ನೆಲ್ಲ ಹೂದೋಟ ಮಾಡಬಲ್ಲ ಮಹಾವೀರ ಸ್ಯಾಮ್! ತನಗೆ ತನ್ನ ಕೈಯಿಂದ ಅಗೆಯಬಲ್ಲಷ್ಟು ಹಿತ್ತಲು ಸಾಕು ಎಂಬ ವಿವೇಕ ಅವನನ್ನು ಕಾಪಾಡುತ್ತದೆ. ಅಧಿಕಾರದ ಬಗ್ಗೆ ಇಷ್ಟು ಹಗುರವಾಗಿ ಇಷ್ಟು ಆಳವಾದ ಮಾತನ್ನು ಹೇಳಿದ ಪ್ರಸಂಗ ಅಪರೂಪ.

ಕೊನೆಯ ಘಟ್ಟದಲ್ಲಿ ಫ್ರೋಡೊ ಸೋಲುತ್ತಾನೆ. ಬೆಂಕಿಯ ಬಾಯಿಯವರೆಗೆ ಬಂದು ನಿಂತ ಮೇಲೆ ಉಂಗುರ ತನ್ನದೆಂದು ಸಾರುತ್ತಾನೆ. ಲೋಕ ಉಳಿಯುವುದು ಗಾಲಮ್ ಎಂಬ ಹಾಳುಜೀವಿ ಅವನ ಬೆರಳು ಕಚ್ಚಿ ಕಿತ್ತು ಉಂಗುರದೊಡನೆ ಕೆಳಗೆ ಬಿದ್ದದ್ದರಿಂದ. ಆ ಗಾಲಮ್ ಅಷ್ಟು ದೂರ ಬದುಕಿ ಬಂದದ್ದಾದರೂ ಏಕೆ? ಕೊಲ್ಲಬಹುದಾಗಿದ್ದಾಗ ಒಬ್ಬೊಬ್ಬರೂ ಕನಿಕರಪಟ್ಟು ಬಿಟ್ಟದ್ದರಿಂದ. ವೀರನ ತೋಳು ಮಾಡಲಾರದ್ದನ್ನು ಎಂದೋ ತೋರಿಸಿದ ದಯೆ ಮಾಡಿತು. ಇಷ್ಟಾಗಿಯೂ ಫ್ರೋಡೊಗೆ ಊರಿನಲ್ಲಿ ವಿಶೇಷ ಗೌರವ ಸಿಗುವುದಿಲ್ಲ, ಗಾಯ ಮಾಯುವುದಿಲ್ಲ. ಅವನು ತಾನು ಉಳಿಸಿದ ನಾಡಿನಲ್ಲಿ ತಾನೇ ಬಾಳಲಾರದೆ ಹಡಗು ಹತ್ತುತ್ತಾನೆ. ಮಹಾಯುದ್ಧದಿಂದ ಮರಳಿದ ಒಂದು ತಲೆಮಾರಿನ ಮೌನ ಈ ಪುಟಗಳಲ್ಲಿದೆ ಎಂದು ನಮಗೆ ಅನ್ನಿಸಿತು.

ಟೋಲ್ಕಿನ್ನರಲ್ಲಿ ಕೊರತೆಯಿಲ್ಲವೆಂದಲ್ಲ. ಓರ್ಕರೆಂಬ ಒಂದು ಇಡೀ ಜನಾಂಗವನ್ನು ಕೊಲ್ಲಲಿಕ್ಕೆಂದೇ ಹುಟ್ಟಿದವರಂತೆ ಚಿತ್ರಿಸಿರುವುದು ಮನಸ್ಸಿಗೆ ಒಗ್ಗುವುದಿಲ್ಲ. ಅರಗಾರ್ನ್ ಪಟ್ಟಕ್ಕೆ ಬಂದ ಕೂಡಲೇ ಎಲ್ಲವೂ ಸರಿಹೋಯಿತೆಂಬ ಭಾವನೆಯೂ ಅಷ್ಟೇ. ಅರಗಾರ್ನನ ತೆರಿಗೆ ನೀತಿ ಏನಾಗಿತ್ತು ಎಂದು ಮಾರ್ಟಿನ್ ಒಮ್ಮೆ ಕೇಳಿದ್ದು ಕುಚೋದ್ಯದ ಪ್ರಶ್ನೆಯಂತೆ ಕಂಡರೂ ಗಟ್ಟಿಯಾದ ಪ್ರಶ್ನೆ. ಅದರ ವಿಚಾರಕ್ಕೆ ಮುಂದೆ ಬರುತ್ತೇವೆ.

ಎರಡನೆಯವರು ಅರ್ಸುಲಾ ಲೆ ಗ್ವಿನ್. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರರ ಮಗಳು; 1929ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡರು. ‘ಎ ವಿಜರ್ಡ್ ಆಫ್ ಅರ್ತ್‌ಸೀ’ 1968ರಲ್ಲಿ ಪ್ರಕಟವಾಯಿತು. ನಾಯಕ ಗೆಡ್ ಆಡು ಕಾಯುವ ಹುಡುಗ, ಕಂದುಬಣ್ಣದವನು. ಅಂದಿನ ಇಂಗ್ಲಿಷ್ ಅದ್ಭುತ ಕಥೆಗಳಲ್ಲಿ ಇದೇ ಒಂದು ಹೊಸತು. ಮಂತ್ರವಿದ್ಯೆ ಕಲಿಯುವಾಗ ಸಹಪಾಠಿಯ ಎದುರು ತನ್ನ ಹೆಚ್ಚುಗಾರಿಕೆ ತೋರಿಸಲು ಹೋಗಿ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಕಥೆಯುದ್ದಕ್ಕೂ ಅದು ಅವನನ್ನು ಅಟ್ಟುತ್ತದೆ, ಆಮೇಲೆ ಅವನು ಅದನ್ನು ಅಟ್ಟುತ್ತಾನೆ. ಕೊನೆಗೆ ಅದನ್ನು ಕೊಲ್ಲುವುದಿಲ್ಲ. ತನ್ನ ಹೆಸರಿನಿಂದಲೇ ಅದನ್ನು ಕರೆದು ಅಪ್ಪಿಕೊಳ್ಳುತ್ತಾನೆ. ರಾಕ್ಷಸ ಹೊರಗಿಲ್ಲ ಎಂಬುದು ನಮಗೆ ಹೊಸ ಮಾತಲ್ಲ. ಆದರೆ ಮಕ್ಕಳಿಗಾಗಿ ಬರೆದ ಒಂದು ಸಣ್ಣ ಪುಸ್ತಕದಲ್ಲಿ ಉಪದೇಶದ ಸೋಂಕಿಲ್ಲದೆ ಅದು ಬಂದಿದೆ.

ಲೆ ಗ್ವಿನ್ನರ ನಿಜವಾದ ಧೈರ್ಯ ಆಮೇಲಿನದು. 1972ರ ಮೂರನೆಯ ಪುಸ್ತಕದ ಕೊನೆಯಲ್ಲಿ ಗೆಡ್ ಲೋಕವನ್ನು ಉಳಿಸಲು ತನ್ನ ಶಕ್ತಿಯನ್ನೆಲ್ಲ ಖರ್ಚುಮಾಡಿ ಡ್ರ್ಯಾಗನ್ನಿನ ಬೆನ್ನೇರಿ ಊರಿಗೆ ಹೊರಡುತ್ತಾನೆ. ಭವ್ಯವಾದ ಮುಕ್ತಾಯ, ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಹದಿನೆಂಟು ವರ್ಷಗಳ ನಂತರ, 1990ರಲ್ಲಿ, ‘ಟೆಹಾನು’ ಬರೆದು ಅವರು ಕೇಳಿದ್ದು ಒಂದೇ ಪ್ರಶ್ನೆ: ಶಕ್ತಿ ಹೋದ ಮೇಲೆ ಆ ಮನುಷ್ಯನ ಗತಿಯೇನು? ಡ್ರ್ಯಾಗನ್ನಿನ ಬೆನ್ನಿನಿಂದ ಇಳಿದ ಗೆಡ್ ಅರೆಜೀವವಾಗಿದ್ದಾನೆ, ನಾಚಿಕೆಯಿಂದ ಕುಗ್ಗಿದ್ದಾನೆ, ಬಂದವರ ಕಣ್ಣಿಗೆ ಬೀಳದೆ ಅಡಗುತ್ತಾನೆ, ಮತ್ತೆ ಆಡು ಕಾಯುತ್ತಾನೆ. ಅಧಿಕಾರವೇ ತಾನು ಎಂದುಕೊಂಡಿದ್ದವನಿಗೆ ಅಧಿಕಾರ ಹೋದ ಮೇಲೆ ತಾನು ಯಾರೆಂದೇ ತಿಳಿಯುವುದಿಲ್ಲ. ನಿವೃತ್ತಿಯಾದ ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಅಂಗಿ ಹಾಕಿಕೊಂಡು ಏನು ಮಾಡಬೇಕೆಂದು ತೋಚದೆ ನಿಂತ ಹಿರಿಯರನ್ನು ನಾವು ನಮ್ಮ ಕಾಲೊನಿಗಳಲ್ಲೇ ಕಂಡಿದ್ದೇವೆ. ಅವರಿಗೆ ಈ ಪುಸ್ತಕ ಅರ್ಥವಾಗುತ್ತದೆ.

ಈ ಕಥೆಯ ಕೇಂದ್ರದಲ್ಲಿರುವವಳು ಟೆನಾರ್ ಎಂಬ ವಿಧವೆ, ಮತ್ತು ಸ್ವಂತದವರೇ ಬೆಂಕಿಗೆ ತಳ್ಳಿ ಸುಟ್ಟುಹೋದ ಒಂದು ಹೆಣ್ಣುಮಗು. ದೊಡ್ಡ ಮಂತ್ರವಿದ್ಯೆಯ ಶಾಲೆಗೆ ಗಂಡಸರಿಗಷ್ಟೇ ಪ್ರವೇಶವೆಂಬುದನ್ನು ಹಿಂದಿನ ಪುಸ್ತಕಗಳಲ್ಲಿ ತಾವೇ ಪ್ರಶ್ನಿಸದೆ ಬರೆದಿದ್ದ ಲೇಖಕಿ, ಇಲ್ಲಿ ತಮ್ಮ ಲೋಕವನ್ನೇ ಅಡುಗೆಮನೆಯ ಕಡೆಯಿಂದ ಮತ್ತೆ ನೋಡುತ್ತಾರೆ. ರಾತ್ರಿ ದುಷ್ಟರು ಮನೆಗೆ ನುಗ್ಗಿದಾಗ ಗೆಡ್ ಎತ್ತಿಕೊಳ್ಳುವುದು ಮಂತ್ರದಂಡವನ್ನಲ್ಲ, ಹುಲ್ಲು ಎತ್ತುವ ಕವೆಗೋಲನ್ನು. ಕೊನೆಯಲ್ಲಿ ದೊಡ್ಡವರಿಬ್ಬರೂ ಮಾಂತ್ರಿಕನ ವಶವಾಗಿ ಅಸಹಾಯರಾದಾಗ ಕೂಗಿ ಸಹಾಯ ಕರೆಯುವುದು ಆ ಸುಟ್ಟ ಮಗು. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಈ ಪುಸ್ತಕ ರುಚಿಸಲಿಲ್ಲ. ತಮ್ಮ ವೀರನನ್ನು ಲೇಖಕಿ ಕಿತ್ತುಕೊಂಡರೆಂದು ಅವರಿಗೆ ನೋವಾಯಿತು. ಗಂಡಸರ ಪಾತ್ರಗಳು ಇಲ್ಲಿ ಕೊಂಚ ತೆಳುವಾದವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೂ ಈ ಮೂವರ ಕೃತಿಗಳಲ್ಲಿ ಅತ್ಯಂತ ದಿಟ್ಟವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾವು ‘ಟೆಹಾನು’ ಎಂದೇ ಹೇಳುತ್ತೇವೆ.

ಮೂರನೆಯವರು ಜಾರ್ಜ್ ಆರ್. ಆರ್. ಮಾರ್ಟಿನ್. ಆ ಹುಡುಗನ ಕೈಯಲ್ಲಿದ್ದದ್ದು ಇವರದೇ ಪುಸ್ತಕ. 1948ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಾರ್ಟಿನ್ ವಿಯೆಟ್ನಾಂ ಯುದ್ಧಕ್ಕೆ ಆತ್ಮಸಾಕ್ಷಿಯ ಕಾರಣದಿಂದ ಹೋಗಲೊಪ್ಪದವರು. ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಎಂಬ ಅವರ ಸರಣಿಯ ಮೊದಲ ಸಂಪುಟ ‘ಎ ಗೇಮ್ ಆಫ್ ಥ್ರೋನ್ಸ್’ 1996ರಲ್ಲಿ ಬಂತು, ಐದನೆಯದು 2011ರಲ್ಲಿ. ಅದೇ 2011ರಿಂದ 2019ರವರೆಗೆ ಇದರ ದೂರದರ್ಶನ ಧಾರಾವಾಹಿ ಪ್ರಸಾರವಾಗಿ ನಮ್ಮ ಮನೆಗಳಿಗೂ ಹೆಸರು ತಲುಪಿತು.

ಮೊದಲ ಸಂಪುಟದ ನಾಯಕ ನೆಡ್ ಸ್ಟಾರ್ಕ್ ಧೀರೋದಾತ್ತನ ಲಕ್ಷಣಗಳನ್ನೆಲ್ಲ ಪಡೆದವನು. ಆರಂಭದಲ್ಲೇ ಕಾವಲು ಬಿಟ್ಟು ಓಡಿಬಂದ ಸೈನಿಕನೊಬ್ಬನಿಗೆ ಮರಣದಂಡನೆ ವಿಧಿಸುತ್ತಾನೆ, ಕತ್ತಿಯನ್ನೂ ತಾನೇ ಬೀಸುತ್ತಾನೆ. ಶಿಕ್ಷೆ ಕೊಟ್ಟವನು ಅದರ ಭಾರವನ್ನೂ ಹೊರಬೇಕು, ಸಾಯುವವನ ಮುಖ ನೋಡಬೇಕು ಎಂದು ಚಿಕ್ಕ ಮಗನಿಗೆ ಕಲಿಸುತ್ತಾನೆ. ಇಂಥವನು ರಾಜಧಾನಿಗೆ ಹೋಗಿ ದೊರೆಯ ಪ್ರಧಾನಿಯಾಗುತ್ತಾನೆ. ರಾಣಿಯ ಮಕ್ಕಳು ದೊರೆಗೆ ಹುಟ್ಟಿದವರಲ್ಲವೆಂಬುದು ತಿಳಿಯುತ್ತದೆ. ದೊರೆ ಆ ಮಕ್ಕಳನ್ನು ಕೊಲ್ಲಿಸಿಬಿಟ್ಟಾನೆಂಬ ಕರುಣೆಯಿಂದ ರಾಣಿಗೇ ಮುಂಚಿತವಾಗಿ ಎಚ್ಚರಿಕೆ ಕೊಡುತ್ತಾನೆ. ದೊರೆ ಸತ್ತ ಮೇಲೆ ಅವನ ಮೊಹರು ಬಿದ್ದ ಪತ್ರವನ್ನು ನಂಬಿ ಸಭೆಗೆ ಹೋದರೆ, ರಾಣಿ ಅದನ್ನು ಎಲ್ಲರೆದುರು ಹರಿದು ಬಿಸಾಡುತ್ತಾಳೆ. ಕಾವಲುಪಡೆ ಆಗಲೇ ಹಣಕ್ಕೆ ಮಾರಿಕೊಂಡಿರುತ್ತದೆ. ಕೊನೆಗೆ ಮಗಳ ಪ್ರಾಣ ಉಳಿಸಲು ಮಾಡದ ದ್ರೋಹವನ್ನು ಒಪ್ಪಿಕೊಂಡರೂ ಎಳೆಯ ದೊರೆ ಅವನ ತಲೆ ಹಾರಿಸಲು ಆಜ್ಞೆ ಕೊಡುತ್ತಾನೆ. ಆಜ್ಞೆ ಕೊಟ್ಟವನು ಕತ್ತಿ ಮುಟ್ಟುವುದಿಲ್ಲ. ಕೊಲ್ಲುವ ಕತ್ತಿ ಮಾತ್ರ ನೆಡ್ ಸ್ಟಾರ್ಕನದೇ.

ಇದನ್ನು ಓದಿದವರು ಸಾಮಾನ್ಯವಾಗಿ ತೆಗೆಯುವ ನೀತಿ: ಪ್ರಾಮಾಣಿಕ ಸತ್ತ, ಜಾಣ ಬದುಕಿದ. ತಾಯಿಯ ಭಯವೂ ಇದೇ. ಆದರೆ ಕಥೆಯನ್ನು ಮುಂದೆ ಓದಿದರೆ ಜಾಣರೂ ಒಬ್ಬೊಬ್ಬರಾಗಿ ಬೀಳುತ್ತಾರೆ. ನೆಡ್ಡನ ಕೊಲೆಯಿಂದ ಯುದ್ಧ ಹೊತ್ತಿಕೊಳ್ಳುತ್ತದೆ, ಆಜ್ಞೆ ಕೊಟ್ಟ ದೊರೆ ತನ್ನ ಮದುವೆಯ ಔತಣದಲ್ಲೇ ವಿಷದಿಂದ ಸಾಯುತ್ತಾನೆ, ಗೆದ್ದವರ ಮನೆ ಒಳಗಿನಿಂದ ಕೊಳೆಯುತ್ತದೆ. ಸತ್ತ ನೆಡ್ಡನ ಮಕ್ಕಳಿಗಾಗಿಯೋ, ಉತ್ತರದ ಜನ ಹಿಮದಲ್ಲಿ ಹಸಿದು ಹೋರಾಡಲು ಸಿದ್ಧರಾಗುತ್ತಾರೆ. ಅವನು ಸೋತದ್ದು ನಿಜ. ಅವನು ಬಾಳಿದ ರೀತಿ ಸೋಲಲಿಲ್ಲ.

ಅಧಿಕಾರವೆಂದರೇನು ಎಂಬುದಕ್ಕೆ ಮಾರ್ಟಿನ್ ಎರಡನೆಯ ಸಂಪುಟದಲ್ಲಿ ಒಂದು ಒಗಟು ಹೇಳಿಸುತ್ತಾರೆ. ಕೋಣೆಯಲ್ಲಿ ಒಬ್ಬ ರಾಜ, ಒಬ್ಬ ಪುರೋಹಿತ, ಒಬ್ಬ ಧನಿಕ; ನಡುವೆ ಕತ್ತಿ ಹಿಡಿದ ಒಬ್ಬ ಕೂಲಿಸಿಪಾಯಿ. ಮೂವರೂ ಅವನಿಗೆ ಉಳಿದಿಬ್ಬರನ್ನು ಕೊಲ್ಲು ಎನ್ನುತ್ತಾರೆ. ಅವನು ಯಾರ ಮಾತು ಕೇಳುತ್ತಾನೆ? ಕತ್ತಿ ಇರುವುದು ಅವನ ಕೈಯಲ್ಲಾದರೆ ಅವನೇ ಏಕೆ ಆಳುವುದಿಲ್ಲ? ಅಧಿಕಾರ ಇದೆಯೆಂದು ಜನ ಎಲ್ಲಿ ನಂಬುತ್ತಾರೋ ಅಲ್ಲೇ ಅದು ಇರುತ್ತದೆ, ಗೋಡೆಯ ಮೇಲಿನ ನೆರಳಿನಂತೆ, ಎಂಬುದು ಸಿಗುವ ಉತ್ತರದ ತಾತ್ಪರ್ಯ. ನಮ್ಮ ಆಫೀಸುಗಳಿಂದ ಹಿಡಿದು ಸಂಘದ ವಾರ್ಷಿಕ ಚುನಾವಣೆಯವರೆಗೆ ಈ ಒಗಟನ್ನು ಇಟ್ಟು ನೋಡಬಹುದು. ಆದರೆ ಇದರಲ್ಲಿ ಒಂದು ಹೊಣೆಯೂ ಅಡಗಿದೆ. ನಂಬುವವರು ನಾವೇ ಆದರೆ, ಆ ನೆರಳು ಯಾರ ಪ್ರಾಣ ತೆಗೆಯಿತೋ ಅದರಲ್ಲಿ ನಮ್ಮದೂ ಪಾಲಿದೆ.

ಜೇಮಿ ಎಂಬ ಪಾತ್ರ ಇನ್ನೂ ಸೂಕ್ಷ್ಮ. ದೊರೆಯನ್ನು ಕಾಯುವ ಪ್ರತಿಜ್ಞೆ ಮಾಡಿ ಅದೇ ದೊರೆಯನ್ನು ಕೊಂದವನು. ಎಲ್ಲರ ಬಾಯಲ್ಲೂ ದ್ರೋಹಿ. ಮೂರನೆಯ ಸಂಪುಟದಲ್ಲಿ, ಬಲಗೈ ಕಡಿಸಿಕೊಂಡು ಜ್ವರದಲ್ಲಿರುವಾಗ ಅವನು ನಿಜ ಹೇಳುತ್ತಾನೆ. ಹುಚ್ಚು ದೊರೆ ಇಡೀ ರಾಜಧಾನಿಯನ್ನು ಜನರ ಸಮೇತ ಸುಟ್ಟುಬಿಡಲು ಆಜ್ಞೆ ಕೊಟ್ಟಿದ್ದ. ಅದನ್ನು ತಡೆಯಲು ಕೊಂದೆ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಲ್ಲಿ ನಮಗೆ ಭೀಷ್ಮ ನೆನಪಾಗದೆ ಇರಲಿಲ್ಲ. ಒಬ್ಬ ಪ್ರತಿಜ್ಞೆ ಮುರಿದು ಊರನ್ನು ಉಳಿಸಿ ಕೆಟ್ಟ ಹೆಸರು ಪಡೆದ. ಇನ್ನೊಬ್ಬ ಪ್ರತಿಜ್ಞೆ ಉಳಿಸಿಕೊಂಡು, ತುಂಬಿದ ಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ನೇರ ಉತ್ತರ ಕೊಡಲಾರದೆ, ಪೂಜ್ಯನಾಗಿಯೇ ಉಳಿದ. ಇಷ್ಟು ಹೇಳಿ ಜೇಮಿಯನ್ನು ಸಂತನನ್ನಾಗಿ ಮಾಡಲಾಗದು. ಮೊದಲ ಸಂಪುಟದಲ್ಲಿ ತನ್ನ ಗುಟ್ಟು ಕಂಡ ಬಾಲಕನನ್ನು ಗೋಪುರದ ಕಿಟಕಿಯಿಂದ ತಳ್ಳಿದವನೂ ಅವನೇ. ಎರಡೂ ಒಬ್ಬನೇ ಮನುಷ್ಯ ಮಾಡಿದ್ದು ಎಂಬುದನ್ನು ಮರೆಯಲು ಲೇಖಕರು ಬಿಡುವುದಿಲ್ಲ.

ಇನ್ನು ತೆರಿಗೆ ನೀತಿಯ ಪ್ರಶ್ನೆ. ಅದಕ್ಕೆ ಡೆನೇರಿಸ್ ಉತ್ತರ. ಗುಲಾಮರ ಸಂಕೋಲೆ ಕಳಚುತ್ತ ಊರಿಂದೂರಿಗೆ ಹೋಗುವ ಈ ಯುವರಾಣಿ ಮೊದಲಿಗೆ ಅಚ್ಚ ಕಥಾನಾಯಕಿ. ಆದರೆ ಬಿಡುಗಡೆ ಮಾಡಿ ಬಿಟ್ಟು ಬಂದ ಮೊದಲ ಊರಿನಲ್ಲಿ ಕಟುಕನೊಬ್ಬ ದೊರೆಯಾಗಿ ಹೊಸ ಗುಲಾಮರನ್ನು ಹುಟ್ಟಿಸುತ್ತಾನೆ. ಹಾಗಾಗಿ ಮೂರನೆಯ ಊರಿನಲ್ಲಿ ನಿಂತು ಆಳಲು ಕಲಿಯುತ್ತೇನೆಂದು ಕೂರುತ್ತಾಳೆ. ಆಗ ಒಬ್ಬ ಬಡ ತಂದೆ ಅವಳ ಎದುರು ಸುಟ್ಟ ಎಲುಬುಗಳನ್ನು ತಂದಿಡುತ್ತಾನೆ. ಅವಳ ಡ್ರ್ಯಾಗನ್ ಅವನ ಪುಟ್ಟ ಮಗಳನ್ನು ಕೊಂದಿದೆ. ತನ್ನ ಶಕ್ತಿಯ ಮೂಲವನ್ನೇ ಅವಳು ಸರಪಳಿಗೆ ಹಾಕಬೇಕಾಗುತ್ತದೆ. ಧಾರಾವಾಹಿಯ ಕೊನೆಯಲ್ಲಿ ಇದೇ ಡೆನೇರಿಸ್ ಒಂದು ನಗರವನ್ನೇ ಸುಡುತ್ತಾಳೆ. ತರ್ಕ ತಪ್ಪಲ್ಲದಿರಬಹುದು, ಆದರೆ ಹೊಗೆ ಹಾಕಿ ಹಣ್ಣು ಮಾಡಿದ ಬಾಳೆಯಂತೆ ಬಣ್ಣವಿತ್ತು, ರುಚಿಯಿರಲಿಲ್ಲ.

ಮಾರ್ಟಿನ್ನರ ದೋಷಗಳನ್ನೂ ಹೇಳದೆ ವಿಧಿಯಿಲ್ಲ. ಕ್ರೌರ್ಯ, ಅದರಲ್ಲೂ ಹೆಂಗಸರ ಮೇಲಿನ ಅತ್ಯಾಚಾರದ ಚಿತ್ರಣ, ಎಷ್ಟೋ ಕಡೆ ಕಥೆಗೆ ಬೇಕಾದದ್ದಕ್ಕಿಂತ ಹೆಚ್ಚಿದೆ. ಯುದ್ಧದ ನಿಜ ತೋರಿಸುತ್ತೇನೆಂಬ ಸಮರ್ಥನೆ ಹತ್ತನೆಯ ಸಲ ಕೇಳುವಾಗ ಸವೆದಿರುತ್ತದೆ. ಪೂರ್ವದೇಶದ ಜನರನ್ನು ಒಂದೇ ಕುಂಚದಿಂದ ಬಳಿದಿರುವುದೂ, ಅವರನ್ನು ಉದ್ಧರಿಸಲು ಬೆಳ್ಳಿಗೂದಲ ಬಿಳಿಯ ರಾಣಿ ಬರಬೇಕಾದದ್ದೂ ನಮ್ಮಂಥ ಓದುಗರ ಕಣ್ಣಿಗೆ ಚುಚ್ಚುತ್ತದೆ. ಕಥೆಯ ಟಿಸಿಲುಗಳು ಹೆಚ್ಚಾಗಿ ಕಾಂಡವೇ ಕಾಣದಾಗುತ್ತದೆ. ಇವರನ್ನು ಅನುಕರಿಸಿದವರಲ್ಲಿ ಅನೇಕರು ಕಲಿತದ್ದು ರಕ್ತ ಚೆಲ್ಲುವುದನ್ನಷ್ಟೇ. ಆದರ್ಶವನ್ನು ಪರೀಕ್ಷೆಗೆ ಒಡ್ಡುವುದು ಬೇರೆ, ಆದರ್ಶವನ್ನು ಗೇಲಿಮಾಡುವುದು ಬೇರೆ. ಮೊದಲನೆಯದಕ್ಕೆ ಆದರ್ಶದ ಮೇಲೆ ಪ್ರೀತಿ ಇರಬೇಕು.

ಮಾರ್ಟಿನ್ನರಲ್ಲಿ ಆ ಪ್ರೀತಿ ಇದೆಯೆನ್ನಲು ನಮಗೆ ಸಾಕ್ಷಿ ಬ್ರಿಯೆನ್. ರೂಪವಿಲ್ಲದ, ಎಲ್ಲರೂ ನಗುವ, ಹೆಣ್ಣೆಂಬ ಕಾರಣಕ್ಕೆ ವೀರಪಟ್ಟ ಸಿಗದ ಹುಡುಗಿ. ನಾಲ್ಕನೆಯ ಸಂಪುಟದಲ್ಲಿ ಬರಿಗಾಲ ಸಾಧುವೊಬ್ಬ ಅವಳಿಗೆ ಯುದ್ಧದಿಂದ ಮುರಿದುಹೋದ ಸಾಮಾನ್ಯ ಸಿಪಾಯಿಗಳ ಬಗ್ಗೆ ಹೇಳುತ್ತಾನೆ. ಹಾಡು ಕೇಳಿ ಉಬ್ಬಿ ಹೊರಟ ರೈತರ ಮಕ್ಕಳು ಹಸಿವು, ರೋಗ, ಭಯಗಳಲ್ಲಿ ಹೇಗೆ ಮೃಗಗಳಾಗುತ್ತಾರೆಂಬ ಆ ಮಾತು ಇಡೀ ಸರಣಿಯ ಹೃದಯ. ಸ್ವಲ್ಪ ದಿನಗಳಲ್ಲೇ ಒಂದು ಛತ್ರದ ಅಂಗಳದಲ್ಲಿ, ಅನಾಥ ಮಕ್ಕಳನ್ನು ಉಳಿಸಲು ಅಂಥ ಏಳು ಮಂದಿಯ ಎದುರು ಅವಳು ಒಬ್ಬಳೇ ನಿಲ್ಲುತ್ತಾಳೆ. ಗೆಲ್ಲಲಾರೆನೆಂದು ಅವಳಿಗೆ ಗೊತ್ತು. ಅವಳು ಗೆಲ್ಲುವುದೂ ಇಲ್ಲ. ಕೆನ್ನೆ ಹರಿದು ಬೀಳುತ್ತಾಳೆ, ಇನ್ನೊಬ್ಬರು ಬಂದು ಉಳಿಸುತ್ತಾರೆ. ಪಟ್ಟವಿಲ್ಲ, ರಾಜ್ಯವಿಲ್ಲ, ನೋಡಿ ಹಾಡುವವರಿಲ್ಲ. ಆದರೆ ವೀರ ಎಂಬ ಪದಕ್ಕೆ ಆ ಅಂಗಳದಲ್ಲಿ ಅರ್ಥ ಮರಳುತ್ತದೆ.

ಆ ಹುಡುಗನ ಮಾತಿಗೂ ಉತ್ತರ ಹೇಳಬೇಕಲ್ಲ. ಕನ್ನಡದ ಓದುಗನಿಗೆ ಇದಾವುದೂ ಪರಕೀಯವಲ್ಲ. ರನ್ನ ತನ್ನ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ವೆಂದೂ ಹೆಸರಿಟ್ಟ, ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಆದರೂ ಹೆಣಗಳ ನಡುವೆ ಕಾಲೆಳೆಯುತ್ತ, ದ್ರೋಣನನ್ನೂ ಕರ್ಣನನ್ನೂ ಶತ್ರುವಿನ ಮಗ ಅಭಿಮನ್ಯುವನ್ನೂ ಕಂಡು ಮರುಗುವ ದುರ್ಯೋಧನನೇ ನಮ್ಮ ಎದೆಯಲ್ಲಿ ಉಳಿದ. ಬಿ. ಎಂ. ಶ್ರೀಯವರು ಅದನ್ನು ನಾಟಕವಾಗಿಸಿದಾಗ ಆ ದುರಂತವನ್ನೇ ಮುಂದಿಟ್ಟರು. 1979ರಲ್ಲಿ ಭೈರಪ್ಪನವರ ‘ಪರ್ವ’ ಪವಾಡಗಳನ್ನೆಲ್ಲ ಕಳಚಿ, ಯುದ್ಧದ ಹಸಿವು ದುರ್ನಾತಗಳನ್ನೂ ಹೆತ್ತ ತಾಯಂದಿರ ದುಃಖವನ್ನೂ ಮುಂದಿಟ್ಟಿತು. ಗೆದ್ದವರ ಮನೆಯಲ್ಲಿ ಹಬ್ಬವಿಲ್ಲವೆಂಬುದನ್ನು ನಾವು ಎಂದೋ ಕೇಳಿದ್ದೇವೆ.

ಆದ್ದರಿಂದ ಆ ತಾಯಿಗೆ ನಮ್ಮ ವಿನಂತಿ ಇಷ್ಟೇ: ಪುಸ್ತಕ ಕಸಿದುಕೊಳ್ಳಬೇಡಿ. ಅದನ್ನು ಓದಿ ಹುಡುಗ ಒಳ್ಳೆಯತನ ದಡ್ಡತನವೆಂದು ಕಲಿಯಬೇಕಾಗಿಲ್ಲ. ಗೆಲುವು ಖಾತ್ರಿಯಿದ್ದಾಗ ಒಳ್ಳೆಯವನಾಗಿರುವುದು ಸುಲಭ. ಖಾತ್ರಿಯಿಲ್ಲದಾಗ ಏನು ಮಾಡುತ್ತೀ ಎಂದು ಈ ಕಥೆಗಳು ಅವನನ್ನು ಕೇಳುತ್ತಿವೆ. ಮಗನಿಗೂ ಒಂದು ಮಾತು: ನೀನು ಕೇಳಿದ್ದು ಸರಿ, ಭಾರತದಲ್ಲಿ ಉಳಿದವರು ಕೆಲವರೇ. ಅವರು ಹೇಗೆ ಉಳಿದರು, ಉಳಿದು ಏನು ಅನುಭವಿಸಿದರು ಎಂಬುದನ್ನು ರನ್ನನಿಂದಲೂ ಒಮ್ಮೆ ಕೇಳಿ ನೋಡು. ಹಳಗನ್ನಡ ಕಷ್ಟವೆನಿಸಿದರೆ ಗದ್ಯಾನುವಾದದಿಂದ ಆರಂಭಿಸು. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ, ಇಬ್ಬರ ಜಗಳವೂ ಅರ್ಧ ತೀರಿದಂತೆ.